ಮೂರು ದಿನದ ಗಂಡ

ಅನ್ವರ್, ನಿನ್ನನ್ನು ಗೋವಾಕ್ಕೆ ಹೊರಡಿಸಿದವಳು ನಾನು. ನೀನೇ ಸುಳ್ಳು ಹೇಳಿ ನನ್ನನ್ನು ಕರೆದುಕೊಂಡು ಹೋದೆ ಎಂದು ಮನೆಯಲ್ಲಿ ಹೇಳಿದವಳೂ ನಾನೇ, ಆಮೇಲೆ ಆಫೀಸಿನಲ್ಲಿ ಅದಕ್ಕೆ ಸಹಿ ಹಾಕಿದವಳೂ ನಾನೇ. ಇದನ್ನು ಇಷ್ಟು ನೇರವಾಗಿ ಬರೆಯಲು ಆರು ವರ್ಷ ಬೇಕಾಯಿತು. ನಿನಗೆ ಇದರಲ್ಲಿ ಹೊಸದೇನೂ ಇಲ್ಲ — ನಡೆದದ್ದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದಿರುವುದು ಉಳಿದವರಿಗೆ, ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ನಿನ್ನ ಹೆಸರನ್ನು ಬದಲಿಸಿದ್ದೇನೆ. ಅದನ್ನು ಒಮ್ಮೆ ಹಾಳು ಮಾಡಿದ್ದು ಸಾಕು.

ನೋಯ್ಡಾದ ಆ ಆಫೀಸಿನ ನಮ್ಮ ಮಹಡಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನಾನು ಕುಶಾಲನಗರದವಳು, ನೀನು ಗದಗಿನವನು. ಸೈನ್ಯದಲ್ಲಿ ಸುಬೇದಾರನಾಗಿದ್ದ ಅಣ್ಣನಿಗೆ ದೆಹಲಿಯಲ್ಲೇ ಪೋಸ್ಟಿಂಗ್ ಇತ್ತು; ನಾನು ಅಣ್ಣ-ಅತ್ತಿಗೆಯ ಜೊತೆ ಇದ್ದೆ. ನೀನು ಗೆಳೆಯರ ರೂಮಿನಲ್ಲಿ ಇದ್ದುಕೊಂಡು, ತಾಯಿಯನ್ನು ಕರೆಸಿಕೊಳ್ಳಲು ಘಾಜಿಯಾಬಾದ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಹೆಸರು ಕೇಳುವವರೆಗೆ ಮನೆ ಖಾಲಿ ಇರುತ್ತಿತ್ತು, ಹೆಸರು ಕೇಳಿದ ಮೇಲೆ ಯಾರೋ ಆಗಲೇ ಅಡ್ವಾನ್ಸ್ ಕೊಟ್ಟು ಹೋಗಿರುತ್ತಿದ್ದರು. ಇದನ್ನು ನೀನು ಕ್ಯಾಂಟೀನಿನಲ್ಲಿ ನಗುತ್ತಾ ಹೇಳುತ್ತಿದ್ದೆ. ನಾನೂ ನಗುತ್ತಿದ್ದೆ — ಈಗ ನೆನೆದರೆ ಮೈ ಉರಿಯುತ್ತದೆ.

ಮಾಲ್ ಒಂದರಲ್ಲಿ ನಾನು ಸುಮ್ಮನೆ ಹೆಸರು, ನಂಬರು ಬರೆದು ಡಬ್ಬಕ್ಕೆ ಹಾಕಿದ್ದ ಚೀಟಿಗೆ ಒಂದು ದಿನ ಫೋನು ಬಂತು. ಪಣಜಿಯ ಹತ್ತಿರದ ರೆಸಾರ್ಟಿನಲ್ಲಿ ಮೂರು ದಿನ ಪುಕ್ಕಟೆ ವಾಸ. ವರ್ಷಕ್ಕೊಂದು ವಾರದ ತಂಗುವಿಕೆಯನ್ನು ಮುಂದಿನ ಇಪ್ಪತ್ತೈದು ವರ್ಷಕ್ಕೆ ಈಗಲೇ ಮಾರುವ ರೆಸಾರ್ಟು ಅದು. ಷರತ್ತು ಒಂದೇ: ಗಂಡ ಹೆಂಡತಿ ಜೊತೆಯಾಗಿ ಬರಬೇಕು, ಒಂದು ಬೆಳಿಗ್ಗೆ ಕುಳಿತು ಅವರ ಮಾತು ಕೇಳಬೇಕು. ಒಬ್ಬಂಟಿಗಳನ್ನು ಅವರು ಒಳಗೆ ಸೇರಿಸುವುದಿಲ್ಲ. ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳನ್ನು ನೋಡಬೇಕೆಂದು ನನಗೆ ಹುಚ್ಚು ಹಿಡಿದಿತ್ತು, ಗಂಡ ಮಾತ್ರ ಇರಲಿಲ್ಲ. ನಿನ್ನನ್ನು ಕೇಳಿದೆ.

"ತಲಿ ಕೆಟ್ಟೈತೇನು ನಿನಗ?" ಅಂದೆ ನೀನು, ಮರುದಿನ ಊಟದ ಹೊತ್ತಿಗೆ. ಎರಡು ವಾರ ನಿನ್ನ ಪ್ರಾಣ ತಿಂದೆ. ಬಿಟ್ಟಿ ಸಿಕ್ಕಿದ್ದನ್ನು ಬಿಡುವವರನ್ನು ಕಂಡರೆ ನನಗಾಗುವುದಿಲ್ಲ ಎಂದೆ, ಹೆದರುಪುಕ್ಕಲ ಎಂದು ಕರೆದೆ. ಕೊನೆಗೆ ನೀನು ಒಪ್ಪಿದೆ. ನಾನು ಮನೆಯಲ್ಲಿ ಆಫೀಸಿನ ಟ್ರೇನಿಂಗ್ ಎಂದು ಹೇಳಿ ಹೊರಟೆ.

ರೆಸಾರ್ಟಿನ ಬಾಗಿಲಲ್ಲೇ ನಮಗೆ ಚಿಪ್ಪಿನ ಹಾರ ಹಾಕಿದರು. ಕಾಗದದ ಹೂವಿನ ಕಮಾನಿನ ಕೆಳಗೆ ನಿಲ್ಲಿಸಿ ಫೋಟೊ ತೆಗೆದರು. ಫೋಟೊದವನು ಮೂರು ಸಲ ಹೇಳಿದ ಮೇಲೆ ನೀನು ನನ್ನ ಹೆಗಲ ಮೇಲೆ ಕೈ ಇಟ್ಟೆ, ಬಿಸಿ ಪಾತ್ರೆ ಮುಟ್ಟುವವನ ಹಾಗೆ. ಫಾರ್ಮಿನಲ್ಲಿ ಮನೆಯ ವಿಳಾಸ ಕೇಳಿದ್ದರು. ನಿನಗೆ ಇನ್ನೂ ಮನೆಯೇ ಇರಲಿಲ್ಲವಲ್ಲ — ನಾನು ಅಣ್ಣನ ಮನೆಯ ವಿಳಾಸ ಬರೆದೆ.

ಒಂದು ಮಲಗುವ ಕೋಣೆ, ಒಂದು ಹಾಲ್. ನೀನು ಹಾಲಿನ ಸೋಫಾದಲ್ಲಿ ಕಾಲು ಹೊರಗೆ ಚಾಚಿ ಮಲಗಿದೆ. ಮರುದಿನ ಟೈ ಕಟ್ಟಿದ ಮಾರಾಟಗಾರ, "ಮಕ್ಕಳಾದ ಮೇಲೆ ರಜೆಗೆ ಎಲ್ಲಿಗೆ ಹೋಗೋ ಪ್ಲಾನ್ ಸರ್?" ಎಂದು ಹಿಂದಿಯಲ್ಲಿ ಕೇಳಿದಾಗ ನೀನು ಕುಡಿಯುತ್ತಿದ್ದ ಜ್ಯೂಸು ನೆತ್ತಿಗೇರಿತು. ನಾನು ಎಷ್ಟು ಸರಾಗವಾಗಿ ಉತ್ತರಿಸಿದೆ! ನಿನಗೆ ಬೆಟ್ಟವೆಂದರೆ ಇಷ್ಟ, ನನಗೆ ಸಮುದ್ರ, ಅದಕ್ಕೇ ದಿನಾ ಜಗಳ ಎಂದೆ. ಸಂಜೆ ಪಣಜಿಗೆ ಹೋದೆವು. ಜೂಜಿನ ಜಾಗಕ್ಕೆ ಬರುವುದಿಲ್ಲವೆಂದು ನೀನು ದಂಡೆಯ ಮೇಲೆ ಕಡಲೆಕಾಯಿ ತಿನ್ನುತ್ತಾ ಕುಳಿತೆ. ನಾನು ಹಡಗು ಹತ್ತಿ, ಹೊಗೆಯ ನಡುವೆ ಮೇಜಿಗೆ ಅಂಟಿಕೊಂಡ ಮುಖಗಳನ್ನು ಅರ್ಧ ಗಂಟೆ ನೋಡಿ, ಬೇಸರ ಬಂದು ವಾಪಸಾದೆ. ನನ್ನ ಪಾಲಿನ ಕಡಲೆಕಾಯಿ ಪೊಟ್ಟಣದಲ್ಲಿ ಹಾಗೇ ಇತ್ತು. ಹೇಳಿಬಿಡುತ್ತೇನೆ — ಆ ಮೂರು ದಿನ ಆ ಸುಳ್ಳು ನನಗೆ ಹಿತವಾಗಿತ್ತು. ನಿನಗೆ ಹೇಗಿತ್ತೋ, ಕೇಳಲಿಲ್ಲ.

ಹಿಂತಿರುಗಿದ ಮೇಲೆ ನಿನಗೆ ಅಂತೂ ಮನೆ ಸಿಕ್ಕಿತು. ಗದಗಿನಿಂದ ನಿನ್ನ ತಾಯಿ ಬಂದರು. ನನ್ನನ್ನು ಊಟಕ್ಕೆ ಕರೆದು, "ಕುಂದ್ರು ಯವ್ವಾ, ಬಿಸಿ ರೊಟ್ಟಿ ಹಾಕ್ತೀನಿ" ಎಂದು ಒಲೆಯ ಮುಂದಿನಿಂದ ಏಳಲೇ ಇಲ್ಲ. ಅದಾದ ಮುಂದಿನ ಭಾನುವಾರ ಅಣ್ಣನ ಮನೆಗೆ ಕೊರಿಯರ್ ಬಂತು.

ರೆಸಾರ್ಟಿನವರ ಉಡುಗೊರೆ. ಕಟ್ಟು ಹಾಕಿಸಿದ ಫೋಟೊ, ಕೆಳಗೆ ನಮ್ಮಿಬ್ಬರ ಹೆಸರು, ಮಿಸ್ಟರ್ ಮತ್ತು ಮಿಸೆಸ್ ಎಂಬ ಬಂಗಾರದ ಅಕ್ಷರ. ಬಿಚ್ಚಿದ್ದು ಅಣ್ಣನ ಮಗಳು. "ಅತ್ತೆ, ಯೇ ತೋ ಆಪ್ ಹೋ! ಔರ್ ಯೇ ಅಂಕಲ್ ಕೌನ್?" — ಇದು ನೀವೇ, ಈ ಅಂಕಲ್ ಯಾರು — ಎಂದು ಹಿಂದಿಯಲ್ಲಿ ಕೇಳುತ್ತಾ ಮನೆಯೆಲ್ಲ ಕುಣಿದಳು. ಅತ್ತಿಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಅಣ್ಣನಿಗೆ ಕೊಟ್ಟರು.

ಅಣ್ಣ ಕೂಗಾಡಲಿಲ್ಲ. "ಇವನು ಯಾರು?" ಎಂದ.

ಸತ್ಯ ಹೇಳಲು ಅಲ್ಲಿ ಬೇಕಾದಷ್ಟು ಜಾಗವಿತ್ತು. ಬಿಟ್ಟಿ ರೆಸಾರ್ಟಿನ ಆಸೆಗೆ ಆಡಿದ ನಾಟಕ, ಇವನು ನನ್ನ ಆಫೀಸಿನವನು, ಒಳ್ಳೆಯವನು — ಅಷ್ಟೇ. ಬೈಸಿಕೊಳ್ಳುತ್ತಿದ್ದೆ. ಹೆಚ್ಚೆಂದರೆ ಕೆಲಸ ಬಿಡಿಸಿ ಊರಿಗೆ ಕಳಿಸುತ್ತಿದ್ದರು.

"ಆಫೀಸ್ ಕೆಲಸ ಅಂತ ಹೇಳಿ ಅವನೇ ಕರ್ಕೊಂಡು ಹೋದ ಅಣ್ಣ. ಅಲ್ಲಿಗೆ ಹೋದ್ಮೇಲೆ ನಂಗೆ ಗೊತ್ತಾಗಿದ್ದು."

ಬಾಯಿ ತಪ್ಪಿ ಬಂದ ಮಾತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಅಣ್ಣನ ಕಣ್ಣು ಫೋಟೊದ ಕೆಳಗಿನ ನಿನ್ನ ಹೆಸರಿನ ಮೇಲೆ ನಿಂತದ್ದನ್ನು ನಾನು ನೋಡಿದ್ದೆ. ಆ ಹೆಸರಿನವನ ಮೇಲೆ ಏನು ಹೇಳಿದರೂ ನಂಬುತ್ತಾನೆ ಎಂಬುದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಗೊತ್ತಿದ್ದೇ ಹೇಳಿದೆ. ಇದಕ್ಕಿಂತ ಕೀಳಾದದ್ದನ್ನು ನಾನು ಬದುಕಿನಲ್ಲಿ ಮಾಡಿಲ್ಲ.

ಅಣ್ಣ ನಿನ್ನ ಮೇಲೆ ಕೈ ಮಾಡಲಿಲ್ಲ. ನಿನ್ನ ವಿಳಾಸವನ್ನು ನನ್ನಿಂದಲೇ ಕೇಳಿ ತಿಳಿದು ಎರಡು ಫೋನು ಮಾಡಿದ, ಒಂದು ನಿನ್ನ ಮನೆಯ ಓನರ್‌ಗೆ, ಇನ್ನೊಂದು ನಮ್ಮ ಆಫೀಸಿಗೆ. ಓನರ್ ಮುಂದಿನ ಭಾನುವಾರದೊಳಗೆ ಮನೆ ಖಾಲಿ ಮಾಡಲು ಹೇಳಿದ. ಆಫೀಸಿನಲ್ಲಿ ವಿಚಾರಣೆಗೆಂದು ಮೂವರು ನನ್ನನ್ನು ಕೂರಿಸಿಕೊಂಡು, ನೀರು ಕೊಟ್ಟು, ಹೆದರಬೇಡಿ ಎಂದು ಹೇಳಿ ಏನಾಯಿತೆಂದು ಕೇಳಿದರು. ಮನೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಅವರು ಬರೆದುಕೊಂಡರು. ಸಹಿ ಎಲ್ಲಿ ಮಾಡಬೇಕೆಂದು ನಾನೇ ಕೇಳಿದೆ.

ಆ ಗುರುವಾರ ನಿನ್ನ ತಾಯಿ ಫೋನು ಮಾಡಿದರು. "ಯವ್ವಾ, ಇವ ಬಾಯಿ ಬಿಡವಲ್ಲ. ಮನಿ ಬಿಡು ಅಂತಾರ, ನೌಕರಿನೂ ಹೋಗತೈತಿ ಅಂತಾರ. ಏನಾಗೈತಿ ನಿನಗ ಗೊತ್ತೇನು? ನೀ ಒಂದು ಮಾತು ಹೇಳಿದ್ರ ಕೇಳ್ತಾರೇನೋ..." ಮೀಟಿಂಗ್‌ನಲ್ಲಿದ್ದೀನಿ ಅಮ್ಮ, ಆಮೇಲೆ ಮಾಡ್ತೀನಿ ಎಂದೆ. ಮೀಟಿಂಗ್ ಇರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದೆ. ಆಮೇಲೆ ಮಾಡಲೂ ಇಲ್ಲ.

ಆ ವಾರವೆಲ್ಲ ನನ್ನನ್ನು ತಿನ್ನುತ್ತಿದ್ದ ಭಯ ನಿನ್ನದಾಗಿರಲಿಲ್ಲ, ನಿನ್ನ ಫೋನಿನದು. ಗೋವಾಕ್ಕೆ ಬರುತ್ತೀಯಾ ಎಂದು ನಾನು ಎದುರಿಗೆ ಕೇಳಿರಲಿಲ್ಲವಲ್ಲ, ಮೆಸೇಜು ಹಾಕಿದ್ದೆ: "ಮೂರು ದಿನಕ್ಕೆ ನನ್ನ ಗಂಡ ಆಗ್ತೀಯಾ? ಎಲ್ಲಾ ಫ್ರೀ!" ಅದರ ಕೆಳಗೆ ನಿನ್ನ ನಿರಾಕರಣೆ, ನನ್ನ ಒತ್ತಾಯ, ಮತ್ತೆ ನಿರಾಕರಣೆ. ಅದನ್ನು ತೆಗೆದು ಆ ಮೂವರ ಮುಂದೆ ಇಟ್ಟಿದ್ದರೆ ನಿನ್ನ ಕೆಲಸ, ನಿನ್ನ ಮನೆ, ನಿನ್ನ ಮರ್ಯಾದೆ ಎಲ್ಲ ಉಳಿಯುತ್ತಿತ್ತು. ನೀನು ತೋರಿಸಲಿಲ್ಲ. "ಹೋಗಬಾರದಿತ್ತು, ಹೋದೆ" ಎಂದಷ್ಟೇ ನೀನು ಹೇಳಿದೆಯೆಂದು ಆ ಮೂವರಲ್ಲೊಬ್ಬ ಮೇಡಂ ನನ್ನನ್ನು ಸಮಾಧಾನ ಮಾಡುತ್ತಾ ತಿಳಿಸಿದರು. ಶುಕ್ರವಾರ ನೀನು ರಾಜೀನಾಮೆ ಕೊಟ್ಟು ಹೋದೆ. ನನ್ನ ಮೇಜಿನ ಪಕ್ಕದಲ್ಲೇ ಹಾದು ಹೋದೆ — ನಾನು ತಲೆ ಎತ್ತಲಿಲ್ಲ.

ನಾನು ಚಿಕ್ಕವಳಾಗಿದ್ದೆ, ಹೆದರಿದ್ದೆ ಎಂದು ಇಲ್ಲೊಂದು ಸಾಲು ಬರೆದಿದ್ದೆ. ಹೊಡೆದು ಹಾಕಿದೆ. ಆಗ ನನಗೆ ಇಪ್ಪತ್ತೇಳು.

ಆ ಮೆಸೇಜುಗಳನ್ನು ನಾನು ಅಳಿಸಿಲ್ಲ. ಯಾಕೆ ಇಟ್ಟುಕೊಂಡೆನೋ — ಫೋನು ಬದಲಿಸಿದಾಗಲೆಲ್ಲ ಅವೂ ಜೊತೆಗೆ ಬಂದವು. ಸಹಿ ಮಾಡಿದ ಹೇಳಿಕೆ ಸುಳ್ಳೆಂದು ಬರೆದು, ಅವುಗಳ ಪ್ರತಿ ಸೇರಿಸಿ, ಸೋಮವಾರ ಆಫೀಸಿಗೆ ಕೊಡುತ್ತಿದ್ದೇನೆ. ನನ್ನ ಕೆಲಸ ಹೋಗಬಹುದು, ಹೋಗಲಿ. ಅದರಿಂದ ನಿನಗೆ ಹಿಂತಿರುಗಿ ಸಿಗುವುದು ಏನೂ ಇಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ನೀನು ಉತ್ತರ ಬರೆಯಬೇಕಾಗಿಯೂ ಇಲ್ಲ.

ಆದರೆ ಮೊದಲು ಅಣ್ಣನಿಗೆ ಹೇಳಬೇಕಿತ್ತು. ಈ ಭಾನುವಾರ ಹೋದೆ. ಈಗ ಅವನು ನಿವೃತ್ತ. ಚಳಿಗಾಲದ ಬಿಸಿಲಿಗೆ ಬಾಲ್ಕನಿಯಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದ. ಎಲ್ಲ ಹೇಳಿ ಫೋನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಬೈಯುತ್ತಾನೆ ಎಂದು ಕಾದೆ, ಹೊಡೆದರೂ ಸರಿ ಎಂದುಕೊಂಡೆ. ನಿಜ ಹೇಳಿದರೆ, ಇಷ್ಟು ವರ್ಷ ಒಳಗೊಳಗೇ ಪಾಪದ ಅರ್ಧ ಪಾಲನ್ನು ಅವನ ತಲೆಗೆ ಕಟ್ಟಿ ನಾನು ಹಗುರಾಗಿದ್ದೆ — ಫೋನು ಮಾಡಿದವನು ಅವನಲ್ಲವೇ ಎಂದು.

"ನೀನು ಹೇಳಿದ್ದನ್ನ ನಂಬಿದೆ," ಎಂದ. "ಒಂದು ಸಲ ಆ ಹುಡುಗನ್ನ ಕರೆದು ಕೇಳಬೇಕು ಅಂತ ನಂಗೆ ಅನ್ನಿಸಲೇ ಇಲ್ಲ." ಆಮೇಲೆ ಕನ್ನಡಕ ತೆಗೆದು ಕೇಳಿದ: "ಅವನ ತಾಯಿ ಇದ್ರಲ್ಲ, ಮನೆ ಬಿಡಿಸಿದ ಮೇಲೆ ಅವರು ಎಲ್ಲಿಗೆ ಹೋದ್ರು?"

ಗೊತ್ತಿಲ್ಲ ಎಂದೆ. ಈ ಆರು ವರ್ಷಗಳಲ್ಲಿ ಅದನ್ನು ನಾನು ಯಾರ ಬಳಿಯೂ ಕೇಳಿರಲಿಲ್ಲ.