ಟೈಲರ್ ಅಕ್ಕನ ದನಿ

"ಅಮ್ಮಾ, ಟೈಲರ್ ದೊಡ್ಡಮ್ಮನ ದನಿ ಎಲ್ಲಿ ಹೋಯ್ತು?" ಎಂದು ಮಗಳು ಕೇಳಿದಳು. ಫುಟ್‌ಬಾಲ್ ಮೈದಾನದಲ್ಲಿ ಹೋಯಿತು ಎಂದೆ.

ಆರು ವರ್ಷದಿಂದ ಮಧ್ಯಾಹ್ನದ ಚಹಾಕ್ಕೆ ಕೆಳಮನೆಯ ಟೈಲರ್ ಅಕ್ಕನಿಗೆ ನಾನೇ ಜೊತೆ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳು ಎರಡು ಮಾತಾಡಿದರೆ ನಾನು ಇಪ್ಪತ್ತು ಆಡುತ್ತಿದ್ದೆ. ಈಗ ಊರಿನ ಫುಟ್‌ಬಾಲ್ ತಂಡದ ಅಭಿಮಾನಿಗಳ ಗುಂಪು ಸೇರಿದ್ದಾಳೆ. ಗುರುತಿಲ್ಲದವರ ಹೆಗಲ ಮೇಲೆ ಕೈಹಾಕಿ ಕೂಗುತ್ತಾಳಂತೆ. ಅವರೆಲ್ಲರಿಗೂ ಹಸಿರು ಬಾವುಟ ಹೊಲಿದಾಗಿದೆ. ನನ್ನ ಮಗಳ ಫ್ರಾಕು ಮಾತ್ರ ತಿಂಗಳಿಂದ ಗೂಟದಲ್ಲೇ ನೇತಾಡುತ್ತಿದೆ.

"ಹೊಟ್ಟೆಕಿಚ್ಚಾ?" ಎಂದು ಇವತ್ತು ಅಕ್ಕ ಪಿಸುಗುಟ್ಟಿದಳು.

"ನಂಗ್ಯಾಕಕ್ಕಾ? ಮೊದಲು ನಿನ್ನ ಗಂಟಲು ನೋಡ್ಕೋ."

ಅವಳು ನಕ್ಕು ಚಹಾದ ಲೋಟವನ್ನು ನನ್ನತ್ತ ಸರಿಸಿದಳು. "ಭಾನುವಾರದವರೆಗೂ ಗಿರಾಕಿಗಳ ಹತ್ರ ನೀನೇ ಮಾತಾಡ್ತೀಯೇನೇ? ಉಳಿದಿರೋ ದನೀನ ಮ್ಯಾಚಿಗೆ ಇಟ್ಕೋಬೇಕು."