ಕಿವಿಗೆ ಕೈಯಿಟ್ಟು ಕಾಯುತ್ತಿದ್ದ ಮೇಷ್ಟ್ರು

ಕೋಲ್ಕತ್ತದ ಕಾಳಿಘಾಟಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಬಂಗಾಳಿ ಇಂಗ್ಲಿಷ್ ಮೇಷ್ಟ್ರು ಇದ್ದ. ವಿಯೆಟ್ನಾಮಿನಲ್ಲಿ ದೊಡ್ಡವರಿಗೆ ಪಾಠ ಹೇಳುವ ಕೆಲಸ ಹುಡುಕುತ್ತಿದ್ದ. ಇಂಗ್ಲಿಷ್ ಬಾರದವರಿಗೆ ಕಲಿಸಿ ವಿಡಿಯೊ ಕಾಲಿನಲ್ಲಿ ತೋರಿಸು ಅಂದರಂತೆ ಕೆಲಸ ಕೊಡುವವರು. "ಇಡೀ ಕಟ್ಟಡದಲ್ಲಿ ಅಂಥವರು ನೀವೊಬ್ಬರೇ, ಮಾಶಿಮಾ" ಅಂತ ಬಂದ. ಮಾಶಿಮಾ ಅಂದರೆ ಚಿಕ್ಕಮ್ಮ.

ಪ್ರಶ್ನೆ ಕೇಳಿ, ಕಿವಿಗೆ ಕೈಯಿಟ್ಟು, "ಆತುರ ಇಲ್ಲ" ಅಂತ ಕಾಯುವನು. ತಪ್ಪಿದರೆ ತಿದ್ದದೆ ಬಿಡ. ವಿಡಿಯೊ ಕಾಲಿನ ದಿನ ಏನು ಇಷ್ಟ ಅಂತ ಕೇಳಿದಾಗ ನನಗೆ ಬಾಯೇ ಬರಲಿಲ್ಲ. ಇವನ ಕೆಲಸ ಕೆಡಿಸಿದೆ ಅಂದುಕೊಂಡೆ. ಅವನು ಕೈ ಇಳಿಸದೆ ಕಾದ. ಕೊನೆಗೆ "ಐ ನೋ ಲೈಕ್ ಫಿಶ್" ಅಂದೆ. ಪರದೆಯಲ್ಲಿದ್ದವರು ನಕ್ಕರು. ಅವನು ನಗುತ್ತಲೇ ತಿದ್ದಿದ. ಕೆಲಸ ಸಿಕ್ಕಿತು.

ಹೊರಟ ದಿನ ಟ್ಯಾಕ್ಸಿಯ ಹತ್ತಿರ ಮತ್ತೆ ಕಿವಿಗೆ ಕೈಯಿಟ್ಟ. ನಮ್ಮಲ್ಲಿ ಹೋಗಿ ಬಾ ಅನ್ನುವ ಹಾಗೆ "ಗೋ, ಕಮ್" ಅಂದೆ. ಅದೊಂದನ್ನು ಅವನು ತಿದ್ದಲಿಲ್ಲ.