ಸುಂದರವ್ವನಿಗೆ ಪರಲೋಕದಲ್ಲಿ ಜಾಗ

ಕರೆವ್ವ ಬನಹಟ್ಟಿಗೆ ಬಂದಾಗ ಹದಿನಾರು ವರ್ಷ. ಎರಡನೆಯ ಸಂಬಂಧ. ಗಂಡ ಗಿರಮಲ್ಲಪ್ಪ ನೇಕಾರ. ಅವನ ಮೊದಲ ಹೆಂಡತಿ ಸುಂದರವ್ವ ಪ್ಲೇಗಿನಲ್ಲಿ ಹೋಗಿದ್ದಳು. ಲಗ್ನದ ದಿನ ಗಂಡ ತಾಳಿ ಕಟ್ಟಿ ಕೈ ತೆಗೆಯುವಷ್ಟರಲ್ಲಿ ಅವನ ಅಕ್ಕ ಅನಸವ್ವ ಒಂದು ಬೆಳ್ಳಿಯ ಬಿಲ್ಲೆ ತಂದು ಅದೇ ದಾರಕ್ಕೆ ಪೋಣಿಸಿದಳು. ರೂಪಾಯಿಗಿಂತ ಸಣ್ಣದು. ಮೇಲೆ ಒಂದು ಹೆಣ್ಣಿನ ಆಕಾರ ಒತ್ತಿದ್ದರು. ಕಣ್ಣು ಮೂಗು ಕೂಡ ನೆಟ್ಟಗಿರಲಿಲ್ಲ.

“ಇಕಿ ನಿನ್ನ ಸವತಿ,” ಎಂದಳು ಅನಸವ್ವ. “ಮೊದಲ ಇಕಿಗೆ ತೋರಿಸಿ ಆಮ್ಯಾಲ ನೀ ಉಡಬೇಕು, ಉಣ್ಣಬೇಕು. ಮರತಿ ಅಂದ್ರ ಕಾಡತಾಳ ನೋಡು.”

ಕರೆವ್ವ ಮರೆಯಲಿಲ್ಲ. ಹೊಸ ಸೀರೆ ಬಂದರೆ ಮಡಿಕೆ ಬಿಚ್ಚುವ ಮೊದಲು ಬಿಲ್ಲೆಗೆ ಮುಟ್ಟಿಸುತ್ತಿದ್ದಳು. ಹೋಳಿಗೆ ಮಾಡಿದರೆ ಮೊದಲ ತುಣುಕು ಅವಳದು. ಮೊದಮೊದಲು ಹೆದರಿಕೆಯಿಂದ ಮಾಡಿದಳು, ಆಮೇಲೆ ಸಿಟ್ಟಿನಿಂದ ಮಾಡಿದಳು. ಮಕ್ಕಳಾಗದೆ ಏಳು ವರ್ಷ ಕಳೆದಾಗ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಬಂದಂತೆ ಬೈದಳು. ಓಣಿಯ ಹೆಂಗಸರು ಬಂಜೆ ಎಂದ ದಿನ ಅದನ್ನೇ ಹಿಡಿದುಕೊಂಡು ಅತ್ತಳು. ಸುಂದರವ್ವನಿಗೂ ಮಕ್ಕಳಿರಲಿಲ್ಲ. ಆ ಮಾತಿನ ನೋವು ತಿಳಿದವಳು ಅವಳೊಬ್ಬಳೇ. ಹೀಗೆ ಇಪ್ಪತ್ತು ವರ್ಷ ಇಬ್ಬರೂ ಒಂದೇ ಕೊರಳಲ್ಲಿ ಬಾಳ್ವೆ ಮಾಡಿದರು.

ಆಮೇಲೆ ಗಿರಮಲ್ಲಪ್ಪನ ಕಾಲಿಗೆ ಹುಣ್ಣಾಯಿತು. ಜಮಖಂಡಿಯ ವೈದ್ಯರೆಲ್ಲ ಕೈಚೆಲ್ಲಿದರು. ಕಡೆಗೆ ಮಿಶನ್ನಿನವರ ದವಾಖಾನೆಯಲ್ಲಿ ಮೂರು ತಿಂಗಳು ಮಲಗಿ ಕಾಲು ಉಳಿಸಿಕೊಂಡು ಬಂದ. ಕಾಲಿನ ಜೊತೆಗೆ ಯೇಸುಸ್ವಾಮಿಯನ್ನೂ ಕರೆದುಕೊಂಡು ಬಂದ. ಊರಲ್ಲಿ ಆಗ ಕ್ರಿಸ್ತಾನರ ಮನೆ ನಾಲ್ಕೇ ಇದ್ದವು. ಇವರದು ಐದನೆಯದಾಯಿತು. ದೀಕ್ಷಾಸ್ನಾನದ ನೀರು ಹಾಕಿಸಿಕೊಳ್ಳುವ ದಿನ ಉಪದೇಶಿ ಯೋನಪ್ಪ ಕರೆವ್ವನ ಕೊರಳು ನೋಡಿ, “ಅದನ್ನ ತಗೀರಿ ತಂಗಿ, ಸತ್ತವರ ಪೂಜಿ ನಮ್ಮಾಗ ನಡಿಯೂದಿಲ್ಲ,” ಎಂದ. ಗಿರಮಲ್ಲಪ್ಪ ತಾನೇ ಬಿಚ್ಚಿದ. ಕರೆವ್ವ ಅದನ್ನು ಅರಿವೆಯಲ್ಲಿ ಸುತ್ತಿ ಜೋಳದ ಗಡಿಗೆಯಲ್ಲಿಟ್ಟಳು. ಗಂಡ ನೋಡಿದ. ಮಗ್ಗಕ್ಕೆ ಹೋಗಿ ಕೂತ.

ಆರು ವರ್ಷ ಆಯಿತು. ಒಂದು ದಿನ ಶ್ರಾವಣದಲ್ಲಿ ಗಿರಮಲ್ಲಪ್ಪ ಎದೆ ಹಿಡಿದುಕೊಂಡು ಮಗ್ಗದ ಕುಣಿಯಲ್ಲೇ ಕುಸಿದ. ಮೂರು ದಿನ ಇದ್ದ. ಮೂರನೆಯ ದಿನ ಮಧ್ಯಾಹ್ನ ಕಣ್ಣು ತೆರೆದು ಕೇಳಿದ.

“ಸುಂದ್ರಿ ಎಲ್ಲಿ ಅದಾಳ?”

ಇಪ್ಪತ್ತಾರು ವರ್ಷದಲ್ಲಿ ಅವನ ಬಾಯಲ್ಲಿ ಕರೆವ್ವ ಆ ಹೆಸರು ಕೇಳಿರಲಿಲ್ಲ. ವಿಚಾರ ಮಾಡದೆ ಅಂದುಬಿಟ್ಟಳು.

“ನೀವು ಹೋಗೂ ಊರಾಗs ಅದಾಳ್ರಿ. ಬಾಗಲದಾಗ ನಿಂತು ನಿಮ್ಮ ದಾರಿ ಕಾಯಾಕತ್ತಾಳ.”

ಅವನು “ಛಲೋ ಆತು” ಎಂದ. ಸಂಜೆಯಾಗುವ ಮೊದಲು ಹೋದ.

ಪ್ರಾರ್ಥನೆ ಮನೆಯ ಹಿಂದೆ ಮಣ್ಣು ಮಾಡಿದರು. ಅಂದಿನಿಂದ ಕರೆವ್ವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಓಣಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುವುದು ಅವಳ ಕೆಲಸ. ರಾಟೆಯ ಮುಂದೆ ಕೂತರೆ ನೂಲು ತುಂಡಾಗುತ್ತಿತ್ತು. ನೀರಿಗೆ ಹೋದರೆ ಖಾಲಿ ಕೊಡ ಹೊತ್ತು ಬರುತ್ತಿದ್ದಳು. ಅತ್ತದ್ದು ಕಡಿಮೆ. ಒಂದೇ ಮಾತು ಬೆನ್ನು ಬಿಡಲಿಲ್ಲ. ಸಾಯುವವನಿಗೆ ಸುಳ್ಳು ಹೇಳಿ ಕಳಿಸಿದೆನೋ ಏನೋ. ಅವನು ಹೋಗಿ ಹುಡುಕಿರುತ್ತಾನೆ. ಅವಳು ಅಲ್ಲಿ ಇರದಿದ್ದರೆ?

ಹದಿನೈದನೆಯ ದಿನ ಯೋನಪ್ಪನ ಕಟ್ಟೆಗೆ ಹೋದಳು. ಅವನು ಹರಿದ ಕೊಡೆಗೆ ಹೊಲಿಗೆ ಹಾಕುತ್ತ ಕೂತಿದ್ದ.

“ಉಪದೇಶಿಗಳ, ಆ ಊರು ಹೆಂಗೈತಿ ಹೇಳ್ರಿ.”

“ಯಾವ ಊರು?”

“ಇವರು ಹೋಗ್ಯಾರಲ್ಲ, ಅದು.”

ಯೋನಪ್ಪನ ಮುಖ ಅರಳಿತು. ಬಂಗಾರದ ಬೀದಿ ಎಂದ. ಹಸಿವಿಲ್ಲ, ನೀರಡಿಕೆಯಿಲ್ಲ, ಎಲ್ಲರಿಗೂ ಬಿಳಿಯ ನಿಲುವಂಗಿ ಎಂದ.

“ಅಷ್ಟು ಮಂದಿಗೆ ಯಾರ ನೇಯತಾರ್ರಿ?”

“ಅಲ್ಲಿ ನೇಯೂದು ಇಲ್ಲವಾ ತಂಗಿ. ಮಗ್ಗ ಇಲ್ಲ.”

“ಮತ್ತ ಇವರು ದಿನಾ ಏನ ಮಾಡತಾರ?”

“ಹಾಡತಾರ. ದೇವರನ್ನ ಹಾಡಿ ಕೊಂಡಾಡತಾರ.”

“ಇವರಿಗೆ ಹಾಡಾಕ ಬರೂದಿಲ್ಲರಿ. ನಿಮ್ಮ ಮುಂದ ಬರೇ ತುಟಿ ಅಲ್ಲಾಡಸತಿದ್ರು. ನಿಮಗ ಗೊತ್ತಿಲ್ಲೇನು?”

“ಗೊತ್ತೈತಿ,” ಎಂದು ಯೋನಪ್ಪ ನಕ್ಕ. “ಅಲ್ಲಿ ಹೋದಮ್ಯಾಲ ಬರತೈತಿ.”

ಕರೆವ್ವ ನಗಲಿಲ್ಲ. “ಸುಂದರವ್ವ ಅಲ್ಲಿ ಅದಾಳೇನು?”

ಯೋನಪ್ಪ ಸೂಜಿ ಕೆಳಗಿಟ್ಟ. ಅಲ್ಲಿ ಗಂಡ ಹೆಂಡತಿ ಎಂಬುದೇ ಇಲ್ಲ, ಲಗ್ನವಿಲ್ಲ, ಎಲ್ಲರೂ ದೂತರ ಹಾಗೆ ಇರುತ್ತಾರೆ ಎಂದ.

“ಹೆಂಡ್ತಿ ಅಲ್ಲದಿದ್ರ ಬಿಡ್ರಿ. ಅದಾಳೋ ಇಲ್ಲೋ ಹೇಳ್ರಿ.”

“ಅಕಿ ಸ್ವಾಮಿ ಹೆಸರ ಕೇಳದs ಸತ್ತಾಳ, ತಂಗಿ.”

“ನೀವು ಈ ಊರಿಗೆ ಬಂದದ್ದು ಅಕಿ ಸತ್ತು ಹನ್ನೆರಡು ವರ್ಷದ ಮ್ಯಾಲ. ತಡಾ ಮಾಡಿದವರು ನೀವು. ಹೊರಗ ನಿಲ್ಲಾಕಿ ಅಕಿ ಏನು?”

ಯೋನಪ್ಪ ಮತ್ತೆ ಸೂಜಿ ಎತ್ತಿಕೊಂಡ. ಕರೆವ್ವ ಸೆರಗಿನ ಗಂಟು ಬಿಚ್ಚಿ ಬಿಲ್ಲೆ ತೆಗೆದಳು. “ಇಕಿಗೂ ನೀರ ಹಾಕ್ರಿ.”

“ಹುಚ್ಚಿ ಏನವಾ ನೀ? ಬೆಳ್ಳಿಗೆ ದೀಕ್ಷಾಸ್ನಾನ ಮಾಡಸ್ತಾರೇನು?”

“ಇಷ್ಟs ಉಳದೈತ್ರಿ ಅಕೀದು.”

ಅವನು ಹಾಕಲಿಲ್ಲ. ಬೈಯಲೂ ಇಲ್ಲ. ಹೊಲಿಯುತ್ತಿದ್ದ ಕೊಡೆಯನ್ನು ಮಡಚಿ ಒಳಗೆ ಎದ್ದುಹೋದ.

ಮಾನಮಿ ಅಮಾಸಿ ಬಂತು. ಹಿರಿಯರಿಗೆ ಎಡೆ ಹಿಡಿಯುವ ದಿನ. ಬೆಳಿಗ್ಗೆಯೇ ಅನಸವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರುತ್ತಿರಲಿಲ್ಲ. ಕ್ರಿಸ್ತಾನರಾದ ಮೇಲೆ ಆರು ವರ್ಷ ಹೊಸ್ತಿಲು ದಾಟಿರಲಿಲ್ಲ.

“ಬಿಲ್ಲಿ ಎಲ್ಲೈತಿ? ಕೊಡು. ಆರು ವರ್ಷ ಅಕಿನ್ನ ಉಪವಾಸ ಕೆಡವಿದಿ.”

“ನಿಮ್ಮ ತಮ್ಮನs ಬಿಚ್ಚಿದ್ರು ಅಕ್ಕಾರ. ನಾ ಅಲ್ಲ.”

“ಅಂವನ ಮಾತ ಬಿಡು. ನಮ್ಮವ್ವ ಹೊರಗ, ನಮ್ಮಪ್ಪ ಹೊರಗ, ಕೈ ಹಿಡದಾಕಿ ಹೊರಗ, ಇಂವ ಒಬ್ಬನs ಒಳಗ! ಎಂಥಾ ಸ್ವರ್ಗ ಬೇ ಅದು? ನಮ್ಮ ಊರ ಧರ್ಮಸಾಲಿ ಇದಕ್ಕಿಂತ ಛಲೋ. ಅಲ್ಲಿ ಯಾರ ಬಂದರೂ ಕಟ್ಟಿಮ್ಯಾಲ ಮಲಗಸ್ತಾರ.” ಅನಸವ್ವ ಕಣ್ಣೊರೆಸಿಕೊಂಡಳು. ಆಮೇಲೆ ದನಿ ಇಳಿಸಿದಳು. “ತಿರುಗಿ ಬಾ ಕರೆವ್ವ. ದೈವದ ಹಿರಿಯಾರಿಗೆ ನಾ ಹೇಳತೇನಿ. ವಿಭೂತಿ ಹಚ್ಚಿ ಒಳಗ ತಗೋತಾರ. ಸತ್ತರ ನಮ್ಮವರ ಸನೇಕ ಮಣ್ಣಾಗತಿ.”

ಕರೆವ್ವ ಕಂಬಕ್ಕೆ ಒರಗಿ ನಿಂತಳು. ತಿರುಗಿ ಹೋದರೆ ಸುಂದರವ್ವನ ಕಡೆಗೆ ಹೋದಂತೆ. ಆಗ ಅವನು ಒಬ್ಬನೇ. ಹಾಡಲು ಬಾರದವನು, ಬಂಗಾರದ ಬೀದಿಯಲ್ಲಿ ಪರಿಚಯದವರು ಒಬ್ಬರೂ ಇಲ್ಲದೆ. ಹೋಗದಿದ್ದರೆ ತಾನು ಅವನ ಬಳಿ ಸೇರುತ್ತಾಳೆ. ಅವನು ಮೊದಲು ಕೇಳುವುದೇ ಸುಂದ್ರಿ ಎಲ್ಲಿ ಎಂದು. ಏನು ಹೇಳುವುದು?

“ಒಂದ ಹೋಳಿಗಿ ಕೊಡ್ರಿ ಅಕ್ಕಾರ,” ಎಂದಳು. “ಬಿಲ್ಲಿ ಮಾತ್ರ ಕೊಡಾಂಗಿಲ್ಲ.”

ಅನಸವ್ವ ಬೈಯುತ್ತಲೇ ಹೋಗಿ, ಬೈಯುತ್ತಲೇ ಹೋಳಿಗೆ ತಂದು ಹೊಸ್ತಿಲ ಮೇಲಿಟ್ಟು ಹೋದಳು. ಕರೆವ್ವ ಬಿಲ್ಲೆಯನ್ನು ಕರಿಯ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು. ಹೋಳಿಗೆ ಮುಟ್ಟಿಸಿದಳು. ಉಳಿದದ್ದನ್ನು ನಿಂತೇ ತಿಂದಳು. ಕೈ ತೊಳೆಯದೆ ಪ್ರಾರ್ಥನೆ ಮನೆಗೆ ನಡೆದಳು.

ಮರುದಿನ ಪಾದ್ರಿಯವರು ಬಂದು ಸಭೆಗೆ ರೊಟ್ಟಿ, ದ್ರಾಕ್ಷಾರಸ ಕೊಡುವವರಿದ್ದರು. ಯೋನಪ್ಪ ಅದಕ್ಕಾಗಿ ನೆಲ ಸಾರಿಸುತ್ತಿದ್ದ. ಅವಳ ಕೊರಳು ನೋಡಿದ.

“ತಗಿ ತಂಗಿ ಅದನ್ನ. ನಾಳೆ ಪಾದ್ರಿಗಳು ಪಂಕ್ತಿಗೆ ಕೂಡಸೂದಿಲ್ಲ.”

“ಕೂಡಸಬ್ಯಾಡ್ರಿ. ಒಂದ ಮಾತ ನೋಡಿ ಹೇಳ್ರಿ. ಆ ಊರಿನ ಬಾಗಲಾ ಯಾವಾಗ ಹಾಕತಾರ?”

ಯೋನಪ್ಪ ಕೈ ಒರೆಸಿಕೊಂಡು ಶಾಸ್ತ್ರದ ಪುಸ್ತಕ ತೆಗೆದ. ಕಡೆಯ ಹಾಳೆಗಳಲ್ಲಿ ಬೆರಳಿಟ್ಟು ಓದಿದ. “ಹಾಕೂದಿಲ್ಲ,” ಎಂದ. “ರಾತ್ರಿ ಅನ್ನೂದs ಇಲ್ಲ. ಯಾವಾಗಲೂ ತಗದಿರತಾವ.”

“ಅಂದ್ರ ಒಳಗಿದ್ದವರು ಹೊರಗ ಬರಬಹುದು.”

“ಹಂಗಂತ ಬರದಿಲ್ಲ.”

“ಬರಬಾರದಂತ ಬರದೈತೇನು?”

ಅವನು ಇನ್ನೊಮ್ಮೆ ನೋಡಿದ. ಬಹಳ ಹೊತ್ತು ನೋಡಿದ. “ಅದೂ ಇಲ್ಲ. ಆದರ ಹೊರಗ ನಾಯಿ ಇರತಾವ ಅಂತ ಬರದೈತಿ.”

“ಇರಲಿ. ಬನಹಟ್ಟ್ಯಾಗ ಏನ ಕಡಿಮಿ ಅದಾವ?”

ಯೋನಪ್ಪ ಪುಸ್ತಕ ಮುಚ್ಚಿದ. ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟುಕೊಂಡೇ ಹೇಳಿದ. “ನಮ್ಮವ್ವಗ ನಾ ಬಾಳ ಹೇಳಿದೆ. ಅಕಿ ಒಲ್ಲೆ ಅಂದಳು. ನೀರ ಹಾಕಿಸಿಕೊಳ್ಳದs ಸತ್ತಳು. ಹೊರಗ ಏನೈತಿ ಅಂತ ನಾ ಎಂದೂ ಕೇಳಿಲ್ಲ ತಂಗಿ.”

“ಹೊರಗ ನಾವಿರತೇವ್ರಿ, ನಾನು ಸುಂದರವ್ವ. ನಿಮ್ಮವ್ವನ ಹೆಸರೇನು?”

“ಬಾಳವ್ವ. ಲೋಕಾಪುರದಾಕಿ.”

“ಹುಡುಕತೇನಿ.”

ಮರುದಿನ ಪಾದ್ರಿಯವರು ಹನ್ನೊಂದು ಜನರಿಗೆ ರೊಟ್ಟಿ ಕೊಟ್ಟರು. ಕರೆವ್ವನಿಗೆ ಕೊಡಲಿಲ್ಲ. ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಸತ್ತಾಗ ಈ ಆವರಣದಲ್ಲಿ ಜಾಗ ಸಿಗಲಿಕ್ಕಿಲ್ಲ ಎಂದು ಯಾರೋ ಹೇಳಿದರು. ಅನಸವ್ವನ ಕಡೆಯವರೂ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು ರಾಟೆ ತಿರುಗಿಸಿದಳು. ನಾಲ್ಕು ಕಂಡಿಕೆ ಆಗುವಷ್ಟರಲ್ಲಿ ಎದ್ದಳು. ಅಂಗಳಕ್ಕೆ ಹೋದಳು, ಬಂದಳು. ಆ ಎದ್ದು ಕೂಡುವುದು ಮುಂದೆಯೂ ಅವಳನ್ನು ಬಿಡಲಿಲ್ಲ.

ಆದರೆ ಒಂದು ಅವಳಿಗೆ ಖಾತ್ರಿಯಿತ್ತು. ಗಿರಮಲ್ಲಪ್ಪ ಒಂದು ಕಡೆ ಕೂಡುವ ಗಂಡಸಲ್ಲ. ಹೆಂಡತಿ ಸಂತೆಯಿಂದ ಬರುವುದು ತಡವಾದರೆ ಹತ್ತು ಸಲ ಬಾಗಿಲಿಗೆ ಬಂದು ಬೀದಿ ನೋಡುವವನು. ಒಳಗೆ ಹುಡುಕಿ ಸಾಕಾಗಿ, ಇಂದಲ್ಲ ನಾಳೆ, ಹೊರಗೆ ಬಂದು ನೋಡುತ್ತಾನೆ. ಆಗ ತನ್ನ ಜೊತೆ ಸುಂದರವ್ವ ಆ ಬಾಗಿಲಲ್ಲಿ ನಿಂತಿರಬೇಕು. ಅಷ್ಟೇ.